ಹೆಡ್‌ಫೋನಿನೊಳಗೆ ಉಳಿದ ಅವ್ವನ ಪದ

ಅಕ್ಕನ ಮೇಲೆ ನಾನು ತೀರಿಸಿಕೊಂಡ ಸೇಡನ್ನು ಈವರೆಗೆ ಯಾರಿಗೂ ಹೇಳಿಲ್ಲ. ಗೊತ್ತಿರುವುದು ಅವಳೊಬ್ಬಳಿಗೇ.

ತಿಕೋಟಾದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಓದಿದ್ದು ಏಳನೆಯ ತರಗತಿ. ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಹಾಕುವ ಪುಕ್ಕಟೆ ಲಿನಕ್ಸ್ ಬಿಟ್ಟರೆ ಬೇರೇನೂ ಓಡದು. ವಿಜಯಪುರದಲ್ಲಿ ಹಾಕಿಕೊಟ್ಟವರು ತೋರಿಸಿದಷ್ಟು ಕಲಿತೆ, ಉಳಿದದ್ದನ್ನು ಕೆಡಿಸಿ ಕೆಡಿಸಿ ಕಲಿತೆ. ಅಕ್ಕ ಚುಚ್ಚಿದ್ದು ಆ ಕಲಿಕೆಗೇ. ಬಬಲೇಶ್ವರದಲ್ಲಿ ಅವಳ ಮಗಳ ನಿಶ್ಚಯದ ದಿನ ಬೀಗರು ನನ್ನ ಉದ್ಯೋಗ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಏಳನೆತ್ತಾಕ ಸಾಲಿ ಬಿಟ್ಟ ಇಂಜಿನಿಯರ್ ನೋಡ್ರಿ ನಮ್ಮ ತಮ್ಮ. ಕರೆಂಟ್ ಹೋದ್ರ ಇವನ ಇಂಜಿನಿಯರಿಕಿನೂ ಹೋಗ್ತದ" ಅಂದಳು. ಬಡಿಸುತ್ತಿದ್ದವರೂ ನಕ್ಕರು. ನಾನೂ ನಕ್ಕೆ. ಆ ನಗುವನ್ನು ಎರಡು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದೆ.

ಅಷ್ಟರಲ್ಲಿ ಅವ್ವ ತೀರಿಕೊಂಡಳು. ಹಿಂದೊಮ್ಮೆ ಹಳ್ಳಿಯ ಹಾಡು ಕೂಡಿಸುವ ಹಿರಿಯರೊಬ್ಬರು ಬಂದು, ಅವಳ ಬೀಸುವ ಪದವೊಂದನ್ನು ತಮ್ಮ ವೆಬ್‌ಸೈಟಿಗೆ ಹಾಕಿದ್ದರು. ಅವಳ ದನಿ ಉಳಿದದ್ದು ಅದೊಂದೇ ಕಡೆ. ಕೇಳಬಹುದಿತ್ತು, ಇಳಿಸಿಕೊಳ್ಳಲು ಬರುತ್ತಿರಲಿಲ್ಲ. ಆ ಹಿರಿಯರೂ ತೀರಿಹೋದರು. ಶನಿವಾರ ವೆಬ್‌ಸೈಟ್ ಮುಚ್ಚುತ್ತದೆಂದು ತಿಳಿದು ಅಕ್ಕ ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಬಂದಳು.

"ತಮ್ಮಾ, ಅವ್ವನ ಪದಕ್ಕ ಫೋನ್ ಹಿಡದ್ರ ಗದ್ದಲೆಲ್ಲಾ ಬರ್ತದ. ನಿನ್ನ ಮಷಿನ್ಯಾಗ ಸ್ವಚ್ಛ ತುಂಬಿಕೊಡು. ಅವ್ವನ ವರ್ಷದ ದಿನ ಎಲ್ಲಾರಿಗೂ ಕೇಳಸ್ತೇನಿ."

"ಈಗ ಇಂಜಿನಿಯರ್ ನೆನಪಾದ್ನೇನ್ ಬೇ?"

"ಅದನ್ನ ಇನ್ನೂ ಹಿಡಕೊಂಡು ಕುಂತೀಯೇನ್ಲೇ? ನಗಸಾಕ ಚಾಷ್ಟಿ ಮಾಡಿದ್ದೆ."

ತಪ್ಪಾಯಿತು ಅಂದಿದ್ದರೆ ಬಿಟ್ಟುಬಿಡುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ಕುಳಿತೆ. ರೆಕಾರ್ಡ್ ಮಾಡುವಾಗ ದನಿ ಎಲ್ಲಿಂದ ತೆಗೆದುಕೊಳ್ಳಬೇಕೆಂದು ಲಿನಕ್ಸ್ ಎರಡು ಹೆಸರು ತೋರಿಸುತ್ತದೆ. ಒಂದು ಮೈಕ್, ಇನ್ನೊಂದು ಮಾನಿಟರ್. ಮಾನಿಟರ್ ಆರಿಸಿದರೆ ಕಂಪ್ಯೂಟರ್ ನುಡಿಸುತ್ತಿರುವುದಷ್ಟೇ ನೇರವಾಗಿ ಸೇರುತ್ತದೆ, ಹೊರಗಿನ ಒಂದು ಕೆಮ್ಮೂ ಬರುವುದಿಲ್ಲ. ನಾನು ತಿಳಿದೂ ತಿಳಿದೂ ಮೈಕ್ ಒತ್ತಿದೆ. ಅವ್ವನ ದನಿ ಮೈಕಿಗೆ ಸಿಗದಿರಲೆಂದು ಹೆಡ್‌ಫೋನ್ ಹಾಕಿಕೊಂಡೆ. ಅಕ್ಕ ಅದೇ ಬೀಗರ ಮುಂದೆ ಝೆರಾಕ್ಸ್ ಮಷಿನಿನ ಗುರಗುರ ಕೇಳುತ್ತ ಕೂರಲಿ. ಶನಿವಾರ ರಾತ್ರಿಯವರೆಗಾದರೂ ವೆಬ್‌ಸೈಟ್ ಇರುತ್ತದೆ, ನನಗೊಂದು ಒಳ್ಳೆಯ ಪ್ರತಿ ಮರುದಿನ ಬೆಳಿಗ್ಗೆ ಮಾಡಿಕೊಳ್ಳುತ್ತೇನೆ, ಅವಳಿಗೆ ಕೊಡುವುದಿಲ್ಲ ಎಂದುಕೊಂಡೆ. ಕಡೆಯ ನುಡಿಯ ಹೊತ್ತಿಗೆ ಗಿರಾಕಿಯೊಬ್ಬರು ಮೇಜು ಬಡಿದರು. ಆ ನುಡಿ ನಾಳೆ ಕೇಳಿದರಾಯಿತೆಂದು ಹೆಡ್‌ಫೋನ್ ತೆಗೆದಿಟ್ಟೆ. ಶನಿವಾರ ಬೆಳಿಗ್ಗೆ ನೋಡಿದರೆ ವೆಬ್‌ಸೈಟ್ ಇರಲಿಲ್ಲ.

ವರ್ಷದ ದಿನ ಅಕ್ಕ, ನಾನು ಕೇಳಿಯೂ ನೋಡದೆ ತುಂಬಿಕೊಟ್ಟ ಪೆನ್‌ಡ್ರೈವನ್ನು ಸ್ಪೀಕರಿಗೆ ಚುಚ್ಚಿದಳು. ಮಷಿನಿನ ಸದ್ದು, ರಸ್ತೆಯ ಹಾರ್ನ್ ಬಂದವು. ಆಮೇಲೆ ಗಂಡಸಿನ ಬೇಸೂರಿನ ದನಿಯೊಂದು ಅವ್ವನ ಪದ ಹಾಡತೊಡಗಿತು. ನನ್ನದೇ. ಅವ್ವನ ಜೊತೆ ಬಾಯೊಳಗೇ ಗುನುಗುತ್ತಿದ್ದೇನೆ ಎಂದುಕೊಂಡಿದ್ದೆ, ಕಿವಿ ಮುಚ್ಚಿಕೊಂಡಿದ್ದರಿಂದ ಇಷ್ಟು ಗಟ್ಟಿಯಾಗಿ ಹಾಡಿದ್ದು ನನಗೇ ತಿಳಿದಿರಲಿಲ್ಲ. ಅವಳ ದನಿ ಎಲ್ಲೂ ಇರಲಿಲ್ಲ. ಹಾಡನ್ನು ನಡುವೆ ಕತ್ತರಿಸಿ, "ಅಣ್ಣಾರ, ಹಾಡೂದು ಆಮ್ಯಾಲೆ, ಆಧಾರದ್ದು ಎರಡು ಝೆರಾಕ್ಸ್ ತೆಗೀರಿ" ಎಂಬ ಗಿರಾಕಿಯ ಮಾತು ಬಂತು. ಬೀಗರು ಮತ್ತೆ ನಕ್ಕರು, ಮತ್ತೆ ನನಗೇ.

ಅಕ್ಕ ನಗಲಿಲ್ಲ. ಅಡುಗೆಮನೆಗೆ ಕರೆದಳು.

"ಬೇಕಂತ ಮಾಡಿದೇನು?"

"ಹೂಂ."

"ಕಡೀ ನುಡಿ ಕೇಳ್ದಿ?"

"ಇಲ್ಲ."

ಬೀಸುವ ಪದದ ಕಡೆಯ ನುಡಿಯಲ್ಲಿ ಮಕ್ಕಳ ಹೆಸರು ಹಿಡಿದು ಹರಸುವುದು ಅವ್ವನ ರೂಢಿ. ಚಿಕ್ಕಂದಿನಲ್ಲಿ ನಾನು ಅರ್ಧ ಕೇಳಿ ಆಡಲು ಓಡುತ್ತಿದ್ದೆ. ಬೀಸುವ ಕಲ್ಲಿನ ಗೂಟಕ್ಕೆ ಕೈ ಹಚ್ಚಿ ಕೊನೆಯವರೆಗೆ ಕೂರುತ್ತಿದ್ದವಳು ಅಕ್ಕ.

"ನಿನ್ನ ಹೆಸರಿಗೆ ಅವ್ವ ಏನು ಹಾಡ್ತಿದ್ಲು, ನನಗ ಗೊತ್ತದ" ಅಂದಳು. "ನಾ ಸಾಯೂತನಾ ನಿನ್ನ ಮುಂದ ಹಾಡಂಗಿಲ್ಲ."

ಈಗ ಪ್ರತಿ ವರ್ಷವೂ ಆ ದಿನ ಅವಳು ಅದೇ ಪೆನ್‌ಡ್ರೈವ್ ಹಚ್ಚುತ್ತಾಳೆ. ನಾನು ಹೋಗದೆ ಇರುವುದಿಲ್ಲ. ಗಿರಾಕಿ ಮೇಜು ಬಡಿಯುವ ಸದ್ದು ಬಂದ ಕೂಡಲೇ ಅಕ್ಕ ಎದ್ದು ದೇವರ ಕೋಣೆಗೆ ಹೋಗಿ ಕದ ಹಾಕಿಕೊಳ್ಳುತ್ತಾಳೆ. ನಾನು ಕದಕ್ಕೆ ಕಿವಿ ಹಚ್ಚಿ ಕೂರುತ್ತೇನೆ. ಅವಳು ಕಡೆಯ ನುಡಿಯನ್ನು ಬಹಳ ಸಣ್ಣಗೆ ಹಾಡುತ್ತಾಳೆ. ಹರಸುವ ಹೆಸರು ನನ್ನದೋ ಅವಳದೋ ತಿಳಿಯುವುದಿಲ್ಲ.