ಶುಕ್ರವಾರದ ಪಾಳಿ

ಕಾಕಾನ ಎಡ ಅಂಗೈಯ ಬುಡದಲ್ಲಿ ರೂಪಾಯಿಯಗಲದ ಜಡ್ಡು ಕಟ್ಟಿತ್ತು. ತಬಲಾ ಜೋಡಿಯ ಎಡಗೈ ವಾದ್ಯ ಡಗ್ಗಾದ ಚರ್ಮ ಒತ್ತಿ ಒತ್ತಿ ಆದದ್ದು. ಭಜಿ ಕರಿಯುವಾಗ ಎಣ್ಣೆ ಅಲ್ಲಿಗೆ ಸಿಡಿದರೆ ಅವರಿಗೆ ತಿಳಿಯುತ್ತಲೇ ಇರಲಿಲ್ಲ. "ಇದು ದೇವರು ಕೊಟ್ಟ ಚಪ್ಪಲಿ, ತಂಗಿ. ನಿಮಗ ಕಾಲಿಗಿ, ನನಗ ಕೈಗಿ" ಎಂದು ನಗುತ್ತಿದ್ದರು.

ನಾನು ಮದುವೆಯಾಗಿ ಇಂಡಿಯಿಂದ ಬಸವನ ಬಾಗೇವಾಡಿಗೆ ಬಂದದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಕಾಕಾ ನಮ್ಮ ಗೋಡೆಯಾಚೆಯ ಮನೆಯವರು. ಹರೆಯದಲ್ಲಿ ನಾಟಕ ಕಂಪನಿಯೊಂದರಲ್ಲಿ ತಬಲಾ ಬಾರಿಸುತ್ತ ಸಿಂದಗಿ, ಮುದ್ದೇಬಿಹಾಳ ಎಂದು ಊರೂರು ತಿರುಗಿದ್ದರಂತೆ. ಕಂಪನಿ ಮುಳುಗಿದ ಮೇಲೆ ಆಲಮಟ್ಟಿಯ ಅಣೆಕಟ್ಟಿನ ಕೆಲಸಕ್ಕೆ ಸೇರಿದರು. ಬಂಡೆ ಸಿಡಿಸುವ ಮುನ್ನ ಜನರನ್ನು ದೂರ ಕಳಿಸಲು ಹಲಗೆ ಬಾರಿಸುವುದು ಅವರ ಪಾಲಿಗೆ ಬಂತು. ಅದನ್ನೂ ಎಷ್ಟು ಸೊಗಸಾಗಿ ಬಾರಿಸಿದರೆಂದರೆ, ಓಡಬೇಕಾದವರು ಕೇಳುತ್ತ ನಿಂತುಬಿಟ್ಟರಂತೆ! ಮೂರನೇ ದಿನ ಮುಕದ್ದಮ್ ಕೈಮುಗಿದು ಮನೆಗೆ ಕಳಿಸಿದ. ಆಮೇಲೆ ಬಸ್ ನಿಲ್ದಾಣದ ಎದುರು ಮಿರ್ಚಿ ಭಜಿಯ ಅಂಗಡಿ. ಕಥೆಯಲ್ಲಿ ಎಷ್ಟು ನಿಜವೋ ದೇವರೇ ಬಲ್ಲ, ಭಜಿಯಂತೂ ನಿಜ. ಕೆಲಸ ಎಷ್ಟೇ ಬದಲಾದರೂ ಮಸೀದಿಯ ಶುಕ್ರವಾರದ ನಮಾಜನ್ನೂ ಮಠದ ಭಜನೆಯ ತಬಲಾವನ್ನೂ ಅವರು ಬಿಡಲಿಲ್ಲ.

ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಗೋಡೆಯ ಮೇಲೆ ಅವರ ಮುಖ ಕಾಣಿಸಿತು.

"ತಂಗಿ, ಸಿಟ್ಟಾಗಬ್ಯಾಡ. ನಿನ್ನ ಆರನೇ ಬಡತ ದಿನಾ ಮುಂದ ಓಡತೈತಿ. ನನಗ ಚಾ ಗಂಟಲಾಗ ಇಳೀವಲ್ದು."

"ರೊಟ್ಟಿ ದುಂಡಗ ಆಗೇತಿಲ್ರಿ ಕಾಕಾ? ಮತ್ತೇನ್ ಬೇಕ್ರಿ?"

"ರೊಟ್ಟಿ ದುಂಡಗೈತಿ. ತಾಳ ಸೊಟ್ಟೈತಿ."

ಅಂದಿನಿಂದ ಪಾಠ ಶುರು. ಗೋಡೆಯಾಚೆ ಅವರು "ಧಾ ಗೆ ನಾ ತಿ, ನ ಕ ಧಿ ನ" ಎನ್ನುವುದು, ಈಚೆ ನಾನು ಹಿಟ್ಟಿನ ಮೇಲೆ ಬಡಿಯುವುದು. ಮಧ್ಯಾಹ್ನ ಬೋರಲು ಹಾಕಿದ ಕೊಡದ ಮೇಲೆ. ವರ್ಷ ಕಳೆದ ಮೇಲೆ ತಮ್ಮ ಹಳೆಯ ತಬಲಾ ಜೋಡಿಯನ್ನೇ ಗೋಡೆ ದಾಟಿಸಿ ಕೊಟ್ಟರು. ಅತ್ತೆಗೆ ಎಲ್ಲ ಗೊತ್ತಿತ್ತು. ಓಣಿಯವರು ಕೇಳಿದರೆ "ಸೊಸಿ ಖಾರಾ ಕುಟ್ಟಾಕತ್ತಾಳ" ಎನ್ನುತ್ತಿದ್ದರು.

ಶ್ರಾವಣದಲ್ಲಿ ಮಠದಲ್ಲಿ ಏಳು ದಿನದ ಸಪ್ತಾಹ. ಭಜನೆ ಒಂದು ಗಳಿಗೆಯೂ ನಿಲ್ಲಬಾರದು. ಬಾರಿಸುವವನು ಏಳುವ ಮೊದಲು ಮುಂದಿನ ಪಾಳಿಯವನು ಪಕ್ಕದಲ್ಲಿ ಕೂತು ಕೈ ಸೇರಿಸಬೇಕು. ಒಂದು ವರ್ಷ ಶುಕ್ರವಾರ ಮಧ್ಯಾಹ್ನ ಕಾಕಾನಿಂದ ಪಾಳಿ ವಹಿಸಿಕೊಳ್ಳಬೇಕಿದ್ದವರು ತಾಳಿಕೋಟೆಯವರು. ಡೋಣಿ ಹೊಳೆಗೆ ನೀರು ಬಂದು ಅವರ ಬಸ್ಸು ಆಚೆ ದಂಡೆಯಲ್ಲೇ ನಿಂತಿದೆ ಎಂದು ಸುದ್ದಿ ಬಂತು. ಅಷ್ಟರಲ್ಲಿ ಮಸೀದಿಯ ಬಾಂಗು ಕೇಳಿಸಿತು. ನಾನು ಪಕ್ಕದ ಪಡಸಾಲೆಯಲ್ಲಿ ದಾಸೋಹದ ರೊಟ್ಟಿ ಬಡಿಯುತ್ತಿದ್ದೆ.

"ಇದೊಂದು ವಾರ ನಮಾಜ್ ಬಿಡ್ರಿ" ಎಂದರು ಭಜನೆಯ ಹಿರಿಯರು.

ಕಾಕಾನ ಕೈ ಓಡುತ್ತಲೇ ಇತ್ತು, ಮುಖ ಮಾತ್ರ ಇಳಿದುಹೋಗಿತ್ತು. "ಅಲ್ಲಿ ಬರ್ತೇನಿ ಅಂದೇನ್ರಿ, ಇಲ್ಲಿ ನಿಲ್ಸಂಗಿಲ್ಲ ಅಂದೇನಿ. ಯಾವ ಮಾತು ಮುರೀಲಿ?" ಅವರು ಅಷ್ಟು ಕಂಗೆಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಕತ್ತು ತಿರುಗಿಸಿ ಒಲೆಯ ಕಡೆ ಕೂಗಿದರು: "ತಂಗೀ, ಕೈ ತೊಳಕೊಂಡು ಬಾ!"

ಆ ಜಾಗದಲ್ಲಿ ಹೆಂಗಸರು ಕೂತದ್ದೇ ಇರಲಿಲ್ಲ. ಹಿರಿಯರು ಬಾಯಿ ತೆರೆಯುವುದರೊಳಗೆ ಅತ್ತೆ ನನ್ನ ಕೈಮೇಲೆ ನೀರು ಸುರಿದರು. "ನೀ ಹೋಗು. ರೊಟ್ಟಿ ನಾ ಬಡೀತೇನಿ. ತಾಳ ನನಗ ಬರಂಗಿಲ್ಲ."

ಹೋಗಿ ಪಕ್ಕದಲ್ಲಿ ಕೂತೆ. ಕಾಕಾ ಮೊದಲು ಬಲಗೈ ತೆಗೆದರು, ನನ್ನದು ಬಿತ್ತು, ಆಮೇಲೆ ಎಡಗೈ. ಹಾಡುವವರು ಒಬ್ಬರೂ ಎಡವಲಿಲ್ಲ. ಮೊದಲು ಆರನೇ ಬಡಿತವನ್ನು ಎಣಿಸಿ ಎಣಿಸಿ ಬಾರಿಸಿದೆ. ಎರಡನೇ ಭಜನಾಪದದ ಹೊತ್ತಿಗೆ ನಗು ಬರತೊಡಗಿತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಯಜಮಾನರು ಓದಿದರೆ ಓದಲಿ.

ನಮಾಜು ಮುಗಿಸಿ ಕಾಕಾ ಓಡುತ್ತ ಬಂದರು. ಹಿಂದೆಯೇ ತಾಳಿಕೋಟೆಯವರು ಒದ್ದೆ ಧೋತರ ಹಿಂಡುತ್ತ ಬಂದರು. ಕಾಕಾ ಕೂರಲೆಂದು, ಕೈ ಬಿಡದೆ ನಾನು ಒಂದು ಬದಿಗೆ ಸರಿದೆ. ಕಾಕಾ ತಬಲಾದ ಹತ್ತಿರ ಬರಲಿಲ್ಲ. ಒಂದು ಜೊತೆ ತಾಳ ಎತ್ತಿಕೊಂಡು ಹಾಡುವವರ ಸಾಲಿನಲ್ಲಿ ಕೂತುಬಿಟ್ಟರು. ತಾಳಿಕೋಟೆಯವರಿಗೆ "ಚಾ ಕುಡದು ಬರ್ರಿ. ಈಗ ಆಕಿ ಪಾಳಿ ಐತಿ" ಎಂದರು.

ಮರುವರ್ಷದ ಪಾಳಿಯ ಪಟ್ಟಿಯಲ್ಲಿ ನನ್ನ ಹೆಸರು ಹಿರಿಯರ ಅಕ್ಷರದಲ್ಲೇ ಇತ್ತು.

ಕಾಕಾ ತೀರಿಕೊಂಡು ಬಹಳ ವರ್ಷವಾಯಿತು. ನಾನು ತಬಲಾ ಕಲಿಸಿಯೇ ಮನೆ ನಡೆಸಿದೆ, ಮಕ್ಕಳನ್ನು ಓದಿಸಿದೆ. ಅಂದು ನಮಾಜಿನಿಂದ ಬಂದು ಅವರು ತಮ್ಮ ಜಾಗ ಕೇಳಿದ್ದರೆ ನಾನು ಸುಮ್ಮನೆ ಎದ್ದು ಒಲೆಯ ಮುಂದೆ ಹೋಗಿ ಕೂರುತ್ತಿದ್ದೆ. ಅವರು ಕೇಳಲಿಲ್ಲ.