ಗುದ್ದಾಡಿಸಿ ಮನೆಗೆ ಕಳಿಸುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಹಡಿಯಲ್ಲಿ, ಎಕ್ಸ್‌ರೇ ಕೋಣೆ ದಾಟಿದರೆ ಸಿಗುವ ವ್ಯಾಯಾಮದ ಕೋಣೆಯಲ್ಲಿ, ಅಕ್ಕ ಮಂಡಿಯೂರಿ ಕೂತಿದ್ದಾರೆ. ಎದುರಿಗೆ ಡಬ್ಬದಂಥ ಹಳೆಯ ಟಿವಿ, ಅದರ ಕೆಳಗೆ ಅಷ್ಟೇ ಹಳೆಯ ವಿಡಿಯೊ ಗೇಮ್ ಪೆಟ್ಟಿಗೆ. ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಆಟದ ಕ್ಯಾಸೆಟ್ಟಿನ ಲೋಹದ ಹಲ್ಲುಗಳನ್ನು ಒರೆಸುತ್ತಾರೆ, ಪೆಟ್ಟಿಗೆಯೊಳಗೆ ಕೂರಿಸಿ ಸ್ವಿಚ್ ಒತ್ತುತ್ತಾರೆ. ಪರದೆ ತುಂಬ ಬೂದು ಗೆರೆಗಳು. ತೆಗೆದು ಮತ್ತೆ ಒರೆಸುತ್ತಾರೆ. ಈ ಸಲ ‘ಟುಂಯ್’ ಅಂತ ಸದ್ದಾಗಿ, ಬಿಳಿ ಬಟ್ಟೆ ತೊಟ್ಟ ಕರಾಟೆ ಜಟ್ಟಿಯೊಬ್ಬ ಪರದೆಯ ಮೇಲೆ ಎದ್ದು ನಿಲ್ಲುತ್ತಾನೆ.

‘ಎದ್ದ ನೋಡಿ ನಮ್ಮ ಸಾಹೇಬ. ಇವನನ್ನ ಎಬ್ಬಿಸೋಕೆ ದಿನಾ ಇಷ್ಟು ಸೇವೆ ಆಗ್ಬೇಕು’ ಅನ್ನುತ್ತಾರೆ ಅಕ್ಕ.

ಪಾರ್ಶ್ವವಾಯು ಬಡಿದು ಸೋತುಹೋದ ಕೈಗೆ ಮತ್ತೆ ಕೆಲಸ ಕಲಿಸುವುದು ಇವರ ಕೆಲಸ. ಹುದ್ದೆಯ ಹೆಸರು ಫಿಸಿಯೋಥೆರಪಿ ಸಹಾಯಕಿ. ಆ ಹೆಸರಿನಿಂದ ಕರೆಯುವವರು ಮಾತ್ರ ಯಾರೂ ಇಲ್ಲ. ಕ್ಯಾಸೆಟ್ಟಿನ ಮೇಲಿನ ಚೀಟಿ ಎಂದೋ ಕಿತ್ತುಹೋಗಿದೆ, ಹಾಗಾಗಿ ರೋಗಿಗಳ ಬಾಯಲ್ಲಿ ಆ ಆಟ ಬರೀ ಗುದ್ದಾಟ, ಆಡಿಸುವವರು ಗುದ್ದಾಟದ ಅಕ್ಕ.

ಅಕ್ಕ ಇಲ್ಲಿಗೆ ಬಂದದ್ದು ಆಯಾ ಆಗಿ. ವರ್ಷಗಟ್ಟಲೆ ಗಾಲಿಕುರ್ಚಿ ತಳ್ಳಿ ತಳ್ಳಿ ಸೊಂಟ ಹಿಡಿದಾಗ, ಈ ವಿಭಾಗದ ಆಗಿನ ದೊಡ್ಡ ಮೇಡಂ ಕರೆದು ಕೂರಿಸಿ ಈ ಕೆಲಸ ಕಲಿಸಿದರು. ಆಗೆಲ್ಲ ಇಲ್ಲಿದ್ದದ್ದು ತೂತುಗಳಿದ್ದ ಒಂದು ಹಲಗೆ, ಅದಕ್ಕೆ ಚುಚ್ಚುವ ಗೂಟಗಳು, ಅಷ್ಟೇ. ‘ಒಬ್ಬ ಯಜಮಾನರು ಗೂಟ ಎತ್ತಿ ಎಸೆದೇಬಿಟ್ರು, ನಾನೇನು ಶಿಶುವಿಹಾರದ ಮಗುನಾ ಅಂತ. ಎಸೆದಿದ್ದು ಯಾವ ಕೈಲಿ ಗೊತ್ತಾ? ಕೆಟ್ಟ ಕೈಲೇ. ಸಿಟ್ಟು ಬಂದ್ರೆ ಈ ಕೈ ಓಡುತ್ತೆ ಅಂತ ಅವತ್ತೇ ಗೊತ್ತಾಯ್ತು ನಂಗೆ.’

ಅದೇ ದಿನಗಳಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಈ ಪೆಟ್ಟಿಗೆಯನ್ನು ಮಕ್ಕಳ ವಾರ್ಡಿಗೆ ದಾನ ಕೊಟ್ಟಿದ್ದರು. ಮಕ್ಕಳು ಅದನ್ನು ಮೂಸಿಯೂ ನೋಡಲಿಲ್ಲ. ಅಕ್ಕ ಕೆಳಗೆ ಹೊತ್ತು ತಂದರು. ಹೊಸ ಆಟಗಳಲ್ಲಿ ಕೈಲಿ ಹಿಡಿದು ಆಡುವ ಹಿಡಿಗೆ ಮೈತುಂಬ ಗುಂಡಿಗಳಿರುತ್ತವೆ, ಇದರಲ್ಲಿ ಲೆಕ್ಕ ಸರಳ. ಎಡ ಹೆಬ್ಬೆರಳಿಗೆ ಒಂದು ಅಡ್ಡಪಟ್ಟಿ, ನಡೆಯೋಕೆ ಮತ್ತು ಹಾರೋಕೆ. ಬಲ ಹೆಬ್ಬೆರಳಿಗೆ ಎರಡು ಗುಂಡಿ, ಒಂದು ಗುದ್ದೋಕೆ, ಒಂದು ಒದೆಯೋಕೆ. ಹಾರಿ ಒದೆಯಬೇಕಾದರೆ ಎರಡೂ ಹೆಬ್ಬೆರಳು ಕೂಡಿ ಬರಬೇಕು. ಜಟ್ಟಿ ದಾಟಬೇಕಾದದ್ದು ಸಾಲು ಸೇತುವೆ, ಒಂದೊಂದರ ಮೇಲೂ ಕಾದುನಿಂತ ಎದುರಾಳಿ, ಸೋತವನು ಕೆಳಗಿನ ನೀರಿಗೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎಂಟು ಮಂದಿ ಸರದಿಯಲ್ಲಿ ಬಂದು ಆಡುತ್ತಾರೆ, ಬೈಯುತ್ತಾರೆ, ಬೆವರುತ್ತಾರೆ.

ಈ ವಾರ ಅಕ್ಕನ ತಲೆ ತಿನ್ನುತ್ತಿರುವವರು ಒಬ್ಬ ಕ್ಷೌರಿಕರು. ಬಲಗೈ ಬಿದ್ದುಹೋಗಿದೆ. ಅಂಗಡಿಯನ್ನು ತಮ್ಮ ನೋಡಿಕೊಳ್ಳುತ್ತಿದ್ದಾನೆ, ಬಾಗಿಲ ಬದಿಯ ಅಣ್ಣನ ಕುರ್ಚಿ ಖಾಲಿ. ತಿಂಗಳು ಮುಗಿಯುವುದರೊಳಗೆ ಕೈ ಬಾರದಿದ್ದರೆ ಆ ಕುರ್ಚಿಗೆ ಬೇರೆ ಕೆಲಸಗಾರ ಬರುತ್ತಾನೆ. ಮಾತಾಗಿದೆ, ಆಳೂ ಗೊತ್ತಾಗಿದ್ದಾನೆ.

ಇವತ್ತು ಅವರ ಆಟ ಜೋರಾಗಿದೆ. ಜಟ್ಟಿ ಎದುರಾಳಿಗಳನ್ನು ಸಾಲಾಗಿ ಮಲಗಿಸುತ್ತಿದ್ದಾನೆ. ಹಿಂದೆ ನಿಂತ ಅವರ ಹೆಂಡತಿಯ ಮುಖ ಅರಳಿದೆ. ಅಕ್ಕ ಮಾತ್ರ ಪರದೆಯಿಂದ ಕಣ್ಣು ಕೀಳದೆ, ‘ಕೈ ಬದಲಾಯಿಸಿದ್ದೀರಿ’ ಅನ್ನುತ್ತಾರೆ.

‘ಇಲ್ಲ ಅಕ್ಕಾ.’

‘ನಿಮ್ಮ ಜಟ್ಟಿ ನಡೆಯೋವಾಗ ಗುದ್ದಲ್ಲ, ಗುದ್ದೋವಾಗ ನಡೆಯಲ್ಲ. ಒಂದೇ ಕೈ ಓಡಾಡ್ತಿದೆ ಪಾಪ, ಆ ಕಡೆಗೂ ಈ ಕಡೆಗೂ.’

ಹೌದು, ತೊಡೆಯ ಮೇಲಿನ ಟವೆಲ್ಲಿನ ಮರೆಯಲ್ಲಿ ಎಡಗೈಯೇ ಎಲ್ಲ ಗುಂಡಿಗಳನ್ನೂ ಒತ್ತುತ್ತಿದೆ. ಹೆಂಡತಿ ಟವೆಲ್ ಎತ್ತಿ ನೋಡಿ, ‘ನಂಗೇ ಮೋಸನಾ?’ ಅನ್ನುತ್ತಾರೆ. ಕ್ಷೌರಿಕರು ತಲೆ ಎತ್ತುವುದಿಲ್ಲ. ‘ನೀನು ನೋಡಿ ತಮ್ಮನಿಗೆ ಫೋನ್ ಮಾಡ್ತೀಯ, ಕುರ್ಚಿ ಉಳಿಯುತ್ತೆ ಅಂದ್ಕೊಂಡೆ.’

‘ಕುರ್ಚಿ ಉಳಿದು? ಗಿರಾಕಿ ಕಿವಿ ಉಳಿಯೋದು ಬೇಡ್ವಾ?’

ಅಕ್ಕ ಬೈಯುವುದಿಲ್ಲ. ಸ್ಟೂಲ್ ಎಳೆದು ಪಕ್ಕದಲ್ಲಿ ಕೂತು, ಆಟದ ಹಿಡಿಯ ಎಡ ಅರ್ಧವನ್ನು ತಾವು ಹಿಡಿಯುತ್ತಾರೆ, ಬಲ ಅರ್ಧವನ್ನು ಅವರ ಬಲಗೈಗೆ ಕೊಡುತ್ತಾರೆ. ಎಡಗೈಯನ್ನು ಹೆಂಡತಿಯ ವಶಕ್ಕೆ ಒಪ್ಪಿಸಲಾಗುತ್ತದೆ. ‘ನಡೆಸೋದು, ಹಾರಿಸೋದು ನಂದು. ಒದೆಯೋದು ನಿಮ್ದು.’ ಕಳ್ಳಾಟ ಸಿಕ್ಕಿಬಿದ್ದಾಗೆಲ್ಲ ಅಕ್ಕ ಮಾಡುವ ಶಾಸ್ತಿ ಇದೇ, ಒಬ್ಬ ಜಟ್ಟಿಗೆ ಇಬ್ಬರು ಯಜಮಾನರು.

ಆಮೇಲಿನ ದಿನಗಳಲ್ಲಿ ಇಬ್ಬರಿಗೂ ಜಗಳವೋ ಜಗಳ.

‘ನೀವು ಬೇಗ ಹಾರಿಸ್ತೀರಿ ಅಕ್ಕಾ.’

‘ನೀವು ಇಳಿದ ಮೇಲೆ ಒದೀತೀರಿ. ಗಾಳಿಗೆ ಏನು ನೋವಾಗುತ್ತೆ?’

‘ಹೆಬ್ಬೆರಳಿಗೆ ಹೇಳ್ತಿದೀನಿ, ಅದು ಕೇಳಿಸ್ಕೊಳ್ಳೋಷ್ಟರಲ್ಲಿ ನೀವು ಕೆಳಗಿರ್ತೀರಿ.’

ಪ್ರತಿ ಸಲವೂ ಜಟ್ಟಿ ಸೇತುವೆಯಿಂದ ನೀರಿಗೆ ಬೀಳುತ್ತಾನೆ. ಅಕ್ಕ ‘ಹಾರಿದೆ’ ಅನ್ನುವುದು, ಅವರು ಹಲ್ಲುಕಚ್ಚುವುದು, ನೀರು ಚಿಮ್ಮುವುದು, ಇದೇ ಆಯಿತು. ತಿಂಗಳು ಮುಗಿಯಲು ಇನ್ನು ಹೆಚ್ಚು ದಿನ ಉಳಿದಿಲ್ಲ ಅನ್ನುವಾಗ ಒಂದು ಬೆಳಿಗ್ಗೆ ಅಕ್ಕ ‘ಹಾರಿದೆ’ ಅನ್ನುತ್ತಾರೆ, ಜಟ್ಟಿಯ ಕಾಲು ಗಾಳಿಯಲ್ಲಿಯೇ ಚಾಚುತ್ತದೆ. ಈ ಸಲ ನೀರಿಗೆ ಬಿದ್ದವನು ಎದುರಾಳಿ.

ಕ್ಷೌರಿಕರು ತಮ್ಮ ಹೆಬ್ಬೆರಳನ್ನು ಬಹಳ ದಿನಕ್ಕೆ ಬಂದ ನೆಂಟರನ್ನು ನೋಡುವಂತೆ ನೋಡುತ್ತಾರೆ. ಮತ್ತೆ ಒತ್ತುತ್ತಾರೆ, ಅದು ಮತ್ತೆ ಮಾತು ಕೇಳುತ್ತದೆ. ಆಮೇಲೆ ನಿಧಾನವಾಗಿ ಹೇಳುತ್ತಾರೆ, ‘ಕತ್ತರಿಯಲ್ಲಿ ಆಡೋದು ಹೆಬ್ಬೆರಳೊಂದೇ ಅಕ್ಕಾ. ಬಾಕಿ ಬೆರಳು ಸುಮ್ಮನೆ ಹಿಡ್ಕೊಂಡಿರ್ತವೆ.’

ಹೆಂಡತಿ ಆಗಲೇ ಕಾರಿಡಾರಿನಲ್ಲಿ ಮೈದುನನಿಗೆ ಫೋನ್ ಹಚ್ಚಿದ್ದಾರೆ. ‘ಆ ಆಳಿಗೆ ಬರಬೇಡ ಅನ್ನಪ್ಪ. ಹೂಂ, ಬರೀ ಕತ್ತರಿ. ಬ್ಲೇಡು ಸದ್ಯಕ್ಕೆ ನೀನೇ ನೋಡ್ಕೋ, ಜನಕ್ಕೂ ಜೀವದ ಮೇಲೆ ಆಸೆ ಇರುತ್ತೆ.’

ಎರಡು ದಿನ ಕಳೆದು ಕ್ಷೌರಿಕರಿಗೆ ಮನೆಗೆ ಹೋಗಲು ಅನುಮತಿ ಸಿಗುತ್ತದೆ. ಆ ಕೊನೆಯ ಬೆಳಿಗ್ಗೆ ಹಿಡಿಯ ಎರಡೂ ಅರ್ಧ ಅವರ ಕೈಯಲ್ಲೇ. ಒಬ್ಬರೇ ಐದನೇ ಸೇತುವೆವರೆಗೂ ಹೋಗುತ್ತಾರೆ. ಆಟದಲ್ಲಿ ಇರುವುದು ಏಳು. ಅಷ್ಟರಲ್ಲಿ ಹೆಂಡತಿ ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ, ಆಟೊ ಕಾಯುತ್ತಿದೆ. ಜಟ್ಟಿಯನ್ನು ಸೇತುವೆಯ ನಡುವೆಯೇ ನಿಲ್ಲಿಸಿ ಅವರು ಹೊರಡುತ್ತಾರೆ. ಅಕ್ಕ ಮುಂದಿನವರಿಗೆ ಕುರ್ಚಿ ಸರಿಪಡಿಸುತ್ತಾರೆ.

‘ಏಳನೇ ಸೇತುವೆ ಮೇಲೆ ಯಾರಿರ್ತಾರೆ ಅಕ್ಕಾ?’ ಅಂತ ಕೇಳಿದರೆ ನಗುತ್ತಾರೆ.

‘ನಂಗೇನು ಗೊತ್ತು? ನಾನಾಡಿದ್ರೆ ಮೂರನೇದು ದಾಟಲ್ಲ. ಅಲ್ಲಿವರೆಗೂ ಆಡೋಷ್ಟು ಕೈ ಬಂದೋರೆಲ್ಲ ಮನೆಗೆ ಹೋಗ್ಬಿಡ್ತಾರೆ. ಇಷ್ಟು ವರ್ಷದಲ್ಲಿ ಒಬ್ಬರೂ ಅವನ ಮುಖ ತೋರಿಸಿಲ್ಲ ನಂಗೆ. ತೋರಿಸೋದೂ ಬೇಡ ಬಿಡಿ.’