ಕಾಕಾ ಹಾಕಿದ ಹೊಸ ಗ್ರಾಫಿಕ್ಸ್ ಕಾರ್ಡು

ಇವತ್ತು ಮಗಳು ಕಂಪ್ಯೂಟರಿನಲ್ಲಿ ಆಟದ ಚಿತ್ರ ಮೂಡಿಸುವ ಎರಡು ಗ್ರಾಫಿಕ್ಸ್ ಕಾರ್ಡುಗಳ ವಿವರವನ್ನು ಅಕ್ಕಪಕ್ಕ ಇಟ್ಟು ತೋರಿಸಿ, "ಅಪ್ಪಾ, ಯಾವುದು ಚಲೋ ಐತಿ?" ಎಂದಳು. ನನಗೆ ಖಾನಾಪುರದ ಕಾಕಾ ನೆನಪಾದರು.

ನಾನು ಚಿಕ್ಕವನಿದ್ದಾಗ ಕಾಕಾ ಬೆಳಗಾವಿಯಿಂದ ಹೊಸ ಕಾರ್ಡು ತಂದು, ಹಳೆಯದರಲ್ಲೂ ಹೊಸದರಲ್ಲೂ ಒಂದೇ ಕಾರ್ ರೇಸ್ ಆಡಿಸಿ ತೋರಿಸಿದ್ದರು. ಹಳೆಯದರಲ್ಲಿ ಕಾರು ತಡವರಿಸಿತು, ಹೊಸದರಲ್ಲಿ ನೀರಿನಂತೆ ಹರಿಯಿತು. ಆದರೆ ಹೊಸದು ಎಳೆಯುವ ಕರೆಂಟಿಗೆ ಹಳೆಯ ಪವರ್ ಸಪ್ಲೈ ಸಾಲದೆ ಕಂಪ್ಯೂಟರಿನ ಡಬ್ಬಿ ಕಾಯತೊಡಗಿತು.

"ಸುಟ್ಟ ವಾಸನಿ ಬರಾಕತ್ತೈತಿ, ಬಂದ್ ಮಾಡೋ," ಎಂದರು ಅಜ್ಜಿ.

"ಹೊಸಾದ ಐತಿ, ಬರತೈತಿ ಬಿಡವ್ವಾ," ಎನ್ನುತ್ತ ಕಾಕಾ ಡಬ್ಬಿ ತೆರೆದು ಬಗ್ಗಿ ನೋಡಿದರು.

ಅಜ್ಜಿ ನನ್ನ ತೋಳು ಹಿಡಿದು ಹೊರಗೆಳೆದರು. ಹೊಸ್ತಿಲು ದಾಟುವಷ್ಟರಲ್ಲಿ ಒಳಗೆ ಢಮ್ ಎಂದಿತು. ಕಾಕಾನ ಬಲಗಣ್ಣು ಉಳಿಯಲಿಲ್ಲ.

"ಕಡಿಮಿ ಕರೆಂಟ್ ಎಳಿಯೂದ ತಗೋ," ಎಂದೆ ಮಗಳಿಗೆ.

ಅವಳು ನಕ್ಕಳು. "ಸುಮ್ನ ಕೇಳಿದೆ. ಜಾಸ್ತಿ ಕರೆಂಟ್ ಎಳಿಯೂ ದೊಡ್ಡದನ್ನ ಮುಂಜಾನೆನ ಹಾಕೇನಿ, ಅಪ್ಪಾ."

ನಾನು ಕಂಪ್ಯೂಟರಿನ ಸ್ವಿಚ್ಚಿನತ್ತ ಓಡಿದೆ.